ನಾನು ತಿದ್ದದೆ ಬಿಟ್ಟ ವಾಕ್ಯ

ಟ್ರುಂಯ್ಯ್ ಎಂದು ದಪ್ಪಗೆ ಶುರುವಾಗುತ್ತಿತ್ತು. ಆಮೇಲೆ ಟ್ರಿಂಯ್, ಟಿಂಯ್ ಎಂದು ಸಣ್ಣಗಾಗುತ್ತ ಹೋಗಿ ಕೊನೆಗೆ ಬರೀ ಟಿಕ್ ಎಂದು ಸಾಯುತ್ತಿತ್ತು. ಮಧ್ಯಾಹ್ನ ಎರಡೂವರೆಗೆ, ನಾನು ಉಂಡು ಅಡ್ಡಾಗಿ ಇನ್ನೇನು ಕಣ್ಣು ಹತ್ತಬೇಕು ಎನ್ನುವಾಗ, ಸರಿಯಾಗಿ ನನ್ನ ತಲೆಯ ಮೇಲೆ. ಐದು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ ಟ್ರುಂಯ್ಯ್.

ಬೈಲಹೊಂಗಲದ ನಮ್ಮ ಮನೆಯ ಮೇಲಿನ ಕೋಣೆಗೆ ಅವರು ಬಾಡಿಗೆಗೆ ಬಂದು ಆಗ ನಾಲ್ಕು ದಿನವಾಗಿತ್ತು. ಕಿತ್ತೂರಿನ ಹಾದಿಯಲ್ಲಿದ್ದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಲೆಕ್ಚರರ್. ಐವತ್ತಾರು ವಯಸ್ಸು, ಬೆಳಗಿನ ಪಾಳಿ, ಎರಡಕ್ಕೆಲ್ಲ ಮನೆಗೆ. ಶನಿವಾರ ಸಂಜೆ ಮುನವಳ್ಳಿಗೆ ಹೋದರೆ ಸೋಮವಾರವೇ ವಾಪಸ್ಸು. ಅವರ ಹೆಂಡತಿ ಅಲ್ಲಿ ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದರು. ಇಷ್ಟು ಗೊತ್ತಿತ್ತು. ಈ ಟ್ರುಂಯ್ಯ್ ಮಾತ್ರ ಅಗ್ರಿಮೆಂಟಿನಲ್ಲಿ ಇರಲಿಲ್ಲ. ನಾಲ್ಕನೆಯ ದಿನ ಸೆರಗು ಸರಿಮಾಡಿಕೊಂಡು, ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡು ಮೆಟ್ಟಿಲು ಹತ್ತಿದೆ. "ಎಕ್ಸ್‌ಕ್ಯೂಸ್ ಮಿ ಸರ್, ಮೇ ಐ ನೋ" ಎನ್ನುವಷ್ಟರಲ್ಲಿ ದಮ್ಮು ಹತ್ತಿ, ಮುಂದಿನ ಇಂಗ್ಲಿಷ್ ಹೊರಡಲಿಲ್ಲ.

"ಬರ್ರಿ ಅಕ್ಕೋರ, ಮೊದ್ಲ ಕುಂತ್ರಿ. ನೀರ ಕೊಡ್ಲೇನು?" ಎಂದರು ಅವರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರು. ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಎಂಬುದನ್ನು ಯಾರೋ ಹೇಳಿದ್ದರು.

ಕೋಣೆಯ ಕಲ್ಲಿನ ಕಟ್ಟೆಗೆ ಒಂದು ಹ್ಯಾಕ್ಸಾ ಬ್ಲೇಡನ್ನು ಕ್ಲ್ಯಾಂಪಿನಿಂದ ಬಿಗಿದಿದ್ದರು. ಹೊರಚಾಚಿದ ತುದಿಯನ್ನು ಬೆರಳಿನಿಂದ ಮೀಟುವುದು, ಕೇಳುವುದು, ಒಂದು ಬೆರಳಗಲ ಒಳಗೆ ಸರಿಸಿ ಮತ್ತೆ ಮೀಟುವುದು.

"ಏನ್ರೀ ಸರ್ ಇದು?"

"ಇದ ನನ್ನ ಪಿಎಚ್.ಡಿ. ರೀ."

ನಾನು ನಗಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ನಗು ತಡೆಯುವುದನ್ನು ಇಂಗ್ಲಿಷಿಗಿಂತ ಚೆನ್ನಾಗಿ ಕಲಿಸಿದ್ದರು.

ಕಳೆದ ತಿಂಗಳು ಮುನವಳ್ಳಿಯಿಂದ ಅವರ ಹೆಂಡತಿ ಫೋನ್ ಮಾಡಿ, ಸರ್ ತೀರಿಕೊಂಡರು ಎಂದು ತಿಳಿಸಿದರು. ಫೋನ್ ಇಟ್ಟು ಕಪಾಟಿನಿಂದ ಅವರ ಥೀಸಿಸ್ ತೆಗೆದೆ. ಇನ್ನೂರು ಚಿಲ್ಲರೆ ಪುಟದ ಆ ಪುಸ್ತಕದ ಪ್ರತಿಯೊಂದು ವಾಕ್ಯವನ್ನೂ ಕೆಂಪು ಪೆನ್ನು ಹಿಡಿದು ತಿದ್ದಿದವಳು ನಾನು. ಒಂದೇ ಒಂದು ವಾಕ್ಯ ಮಾತ್ರ ನನ್ನ ಕೈತಪ್ಪಿ ಅಚ್ಚಾಗಿದೆ. ಆ ಒಂದು ವಾಕ್ಯದ ಸಲುವಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಯಾಕೆಂಬುದು ಓದುತ್ತ ತಿಳಿಯುತ್ತದೆ.

ಅವರ ಸಂಶೋಧನೆ ಸಾಸಿವೆ ಕಾಳಿಗಿಂತ ಸಣ್ಣ ಯಂತ್ರಗಳ ಮೇಲೆ. ಅವಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಎಲ್ಲರೂ ಮೆಮ್ಸ್ ಎನ್ನುತ್ತಾರಂತೆ. ಚಿಪ್ಪು ಎಂದು ಅವರು ಕರೆಯುವ ಸಿಲಿಕಾನಿನ ಒಂದು ತುಣುಕಿನಲ್ಲಿ, ಕೂದಲಿಗಿಂತ ತೆಳುವಾದ ಕಂಬಿಗಳ ಮೇಲೆ ಒಂದು ಪುಟ್ಟ ತೊಲೆ ತೂಗುತ್ತಿರುತ್ತದೆ. ನೆಲ ಅಲುಗಿದರೆ ತೊಲೆ ಅಲುಗುತ್ತದೆ, ಎಷ್ಟು ಅಲುಗಿತೆಂದು ಕರೆಂಟು ಹೇಳುತ್ತದೆ. ಪಂಪ್‌ಸೆಟ್ಟಿನ, ಹಿಟ್ಟಿನ ಗಿರಣಿಯ ಬೇರಿಂಗು ಕೆಡುವುದಕ್ಕೆ ಮುಂಚೆಯೇ ಅದರ ನಡುಕ ಹಿಡಿಯುವ ಯಂತ್ರ ಮಾಡಬೇಕೆಂದು ಅವರ ಆಸೆ.

"ನಮ್ಮಪ್ಪನ ಕಿವಿ ಮಾಡಾಕತ್ತೀನ್ರಿ," ಎನ್ನುತ್ತಿದ್ದರು.

ಅವರ ತಂದೆಗೆ ಯರಗಟ್ಟಿಯಲ್ಲಿ, ಬೆಳಗಾವಿ ರಸ್ತೆಯ ಮೇಲೆ, ಲಾರಿಗಳ ಪಾಟಾ ಕೂಡಿಸುವ ಶೆಡ್ ಇತ್ತು. ಲಾರಿಯ ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಬಾಗಿಕೊಂಡಿರುವ ಉಕ್ಕಿನ ಪಟ್ಟಿಗಳೇ ಪಾಟಾ. ಆ ಮನುಷ್ಯ ಸುತ್ತಿಗೆಯಿಂದ ಒಂದೇ ಏಟು ಬಡಿದು, ಕಿವಿಗೊಟ್ಟು, ಮೇಲಿನಿಂದ ಎಷ್ಟನೆಯ ಪಟ್ಟಿ ಸೀಳಿದೆ ಎಂದು ಹೇಳುತ್ತಿದ್ದರಂತೆ. ಡ್ರೈವರುಗಳೆಲ್ಲ ಅವರನ್ನು ಪಾಟಾ ಡಾಕ್ಟರ್ ಎಂದೇ ಕರೆಯುತ್ತಿದ್ದರು.

"ಮನ್ಯಾಗ ಒಬ್ರು ಆಗಲೇ ಡಾಕ್ಟರ್ ಆಗ್ಯಾರ್ರಿ, ಅಕ್ಕೋರ. ನಾ ಇನ್ನೂ ಕಂಪೌಂಡರ್," ಎಂದು ನಗುತ್ತಿದ್ದರು. ಒಮ್ಮೆ ಮಾತ್ರ ನಗದೆ ಹೇಳಿದರು: "ರಿಟೈರ್ ಆಗೂದರೊಳಗ ನನ್ನ ರೂಮಿನ ಬಾಗಲದಾಗ, ಹೆಸರಿನ ಮುಂದ ಆ ಎರಡು ಅಕ್ಷರ ಬರಬೇಕ್ರಿ. ಒಂದ ದಿನ ಇದ್ರೂ ಸಾಕು. ಒಂದ ಫೋಟೋ ತಕ್ಕೊಂಡು ಅಪ್ಪನ ಶೆಡ್‌ನ್ಯಾಗ ಹಚ್ಚತೀನಿ."

ಅವರ ಬಗ್ಗೆ ಹೇಳಲು ಹೊರಟರೆ ನನ್ನ ಬಗ್ಗೆಯೇ ಹೇಳಬೇಕಾಗುತ್ತದೆ, ಅದೇ ತೊಂದರೆ. ಶಾಸ್ತ್ರಿಗಳ ಮನೆತನ ನಮ್ಮದು. ಮುಸಲ್ಮಾನರಿಗೆ ಕೋಣೆ ಕೊಟ್ಟೆನೆಂದು ನಮ್ಮ ನಾದಿನಿ ಎರಡು ಹಬ್ಬ ಮನೆಗೆ ಬರಲಿಲ್ಲ. ನಾನು ಮಹಾ ಬ್ರಾಡ್ ಮೈಂಡೆಡ್ ಎಂದು ನನಗೆ ನಾನೇ ಸರ್ಟಿಫಿಕೇಟ್ ಬರೆದುಕೊಂಡು ವರ್ಷವಿಡೀ ಅದನ್ನು ಒಳಗೊಳಗೇ ಓದಿಕೊಳ್ಳುತ್ತಿದ್ದೆ. ಆಮೇಲೆ ಕೇಳಿದಾಗ ತಿಳಿಯಿತು, ಅವರು ಈ ಮನೆ ಹಿಡಿದದ್ದು ನನ್ನ ಔದಾರ್ಯ ನೋಡಿ ಅಲ್ಲವಂತೆ. "ಊರಾಗ ಹನ್ನೆರಡು ಮನಿ ನೋಡಿದೆ ಅಕ್ಕೋರ. ಲಾರಿ ಹಾದು ಹೋದ್ರೂ ಅಳ್ಳಾಡದ ಕಟ್ಟಿ ನಿಮ್ಮದೊಂದ."

ಜೇಬಿನಲ್ಲಿ ಸದಾ ಒಂದು ಬಾಚಣಿಗೆ, ತಲೆಯಲ್ಲಿ ಕೂದಲಿರಲಿಲ್ಲ. ಎರಡು ಬಾಚಣಿಗೆಗಳನ್ನು ಹಲ್ಲಿನೊಳಗೆ ಹಲ್ಲು ತೂರಿಸಿ, ತನ್ನ ಯಂತ್ರ ಕರೆಂಟನ್ನು ಹೇಗೆ ಹಿಡಿಯುತ್ತದೆ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ತೋರಿಸುತ್ತಿದ್ದರು. ಖಾಲಿ ಡಬ್ಬಿ ಬಾಟಲಿ ಕಂಡರೆ ಬಿಡುತ್ತಿರಲಿಲ್ಲ. ನನ್ನ ತಲೆ ಕೂಸಿನ ತಲೆಯಂತಾದ ಮೇಲೆ ನಾನು ಬೇಬಿ ಶ್ಯಾಂಪೂ ಹಚ್ಚುತ್ತೇನೆ; ಆ ಬಾಟಲಿಗಳೆಲ್ಲ ಮೇಲಕ್ಕೆ ಹೋಗಿ, ಕತ್ತರಿಗೆ ಸಿಕ್ಕು, ಒತ್ತಿದರೆ ಬಾಯಿ ತೆರೆಯುವ ಇಕ್ಕಳವೋ, ಎಳೆದರೆ ಹಿಂದಕ್ಕೆ ಬರುವ ಜೋಕಾಲಿಯೋ ಆಗಿ ಕೆಳಗೆ ಬರುತ್ತಿದ್ದವು.

"ನೋಡ್ರಿ, ಬಿಜಾಗರಿ ಇಲ್ಲ, ಮೊಳಿ ಇಲ್ಲ, ಸ್ಕ್ರೂ ಇಲ್ಲ. ಇಡೀ ಯಂತ್ರ ಒಂದ ತುಂಡು. ಬರೇ ಬಾಗಬೇಕು. ಬಾಗಿ ಮತ್ತ ತನ್ನ ಜಾಗಾಕ್ಕ ಬರಬೇಕು."

ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ಗಂಗವ್ವ ಒಂದು ಇಕ್ಕಳವನ್ನು ಬಟ್ಟೆ ಒಣಗಿಸಲು ಇಟ್ಟುಕೊಂಡಳು. ಅವರ ಸಂಶೋಧನೆಯಿಂದ ಮೊದಲು ಉಪಯೋಗ ಪಡೆದವಳು ಅವಳೇ.

ಸಂಜೆ ಐದಕ್ಕೆ ಅವರು ಅಧ್ಯಾಯಗಳ ಪ್ರಿಂಟ್ ಹಿಡಿದು ಕೆಳಗೆ ಬರುತ್ತಿದ್ದರು. ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ, ನಾನು ಕೆಂಪು ಪೆನ್ನಿನಿಂದ ಕೊಚ್ಚುವುದನ್ನು ನೋಡುತ್ತ ಕೂರುತ್ತಿದ್ದರು. ಟು ಬಿ ಫ್ರ್ಯಾಂಕ್, ವಿಷಯದ ಒಂದಕ್ಷರವೂ ನನಗೆ ತಿಳಿಯುತ್ತಿರಲಿಲ್ಲ. ಕಾಮಾ ಎಲ್ಲಿ ಬರಬೇಕೆಂದು ತಿಳಿಯುತ್ತಿತ್ತು. ಅಷ್ಟಕ್ಕೇ ಆ ಥೀಸಿಸ್ ಅರ್ಧ ನನ್ನದೇ ಎಂಬ ಜಂಬ.

ಒಂದು ಸಂಜೆ ಎರಡು ಗಾಜಿನ ತುಂಡು ತಂದರು. ಒಂದಕ್ಕೆ ನೀರು ಸವರಿ ಇನ್ನೊಂದನ್ನು ಮೇಲಿಟ್ಟರು. "ಈಗ ಬಿಡಸ್ರಿ ಅಕ್ಕೋರ." ನನ್ನಿಂದ ಆಗಲಿಲ್ಲ.

"ಆನಿ ತೊಯ್ದ್ರ ಏನಾಕ್ಕೈತಿ? ಏನೂ ಇಲ್ಲ. ಇರಿವಿ ಒಂದ ಹನಿಯೊಳಗ ಸಿಕ್ಕು ಸಾಯ್ತೈತಿ. ವಸ್ತು ಸಣ್ಣದಾದಂಗ ತೂಕ ಹೋಗ್ತೈತಿ, ಅಂಟು ಹೋಗೂದಿಲ್ಲ. ನನ್ನ ಕಂಬಿಗೋಳಿಗೆ ನೀರ ಮುಟ್ಟಬಾರದು. ನೀರ ಆರುವಾಗ ಕಂಬೀನ್ನ ಕೆಳಕ್ಕ ಜಗ್ಗತೈತಿ. ಜಗ್ಗಿ ಅಂಟಸ್ತಂದ್ರ ಮುಗೀತು." ಆಮೇಲೆ ವೈವಾ ಪರೀಕ್ಷೆಯ ಅಭ್ಯಾಸಕ್ಕೆಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು: "ವಾಟರ್ ಈಸ್ ಕಿಲ್ಲಿಂಗ್ ದ ಬೀಮ್ಸ್."

"ಕಿಲ್ಸ್, ಸರ್. ವಾಟರ್ ಕಿಲ್ಸ್. ಇನ್ನೊಮ್ಮೆ ಹೇಳ್ರಿ."

ಪಾಪ, ಮೂರು ಸಲ ಹೇಳಿದರು. ಮೂರು ಸಲವೂ ಕೇಳಿಸಿಕೊಂಡು ಗುಡ್ ಎಂದೆ. ಎಂಟು ದಿನ ಬಿಟ್ಟು ಅವರ ಚಿಪ್ಪನ್ನು ತೊಳೆದೆ.

ಆ ಚಿಪ್ಪು ಬಂದದ್ದು ಕೊರಿಯರ್‌ನಲ್ಲಿ. ಅವರ ಡ್ರಾಯಿಂಗ್ ದೂರದ ದೊಡ್ಡ ಲ್ಯಾಬಿಗೆ ಹೋಗಿ, ಇನ್ನೂ ಹತ್ತು ಜನರ ಡ್ರಾಯಿಂಗ್ ಜೊತೆ ಪಾಳಿ ಹಚ್ಚಿ, ಎಂಟು ತಿಂಗಳಿಗೆ ತಯಾರಾಗಿತ್ತು. ನಾಲ್ಕರಲ್ಲಿ ಮೂರು ಅಲ್ಲೇ ಒಡೆದು ಉಳಿದದ್ದು ಇದೊಂದೇ. ಸರ್ ಕಾಲೇಜಿನಲ್ಲಿದ್ದರು. ಸಹಿ ಹಾಕಿ ತೆಗೆದುಕೊಂಡೆ. ಎರಡು ವರ್ಷದಿಂದ ಅದರ ವರ್ಣನೆಗೆ ಕಾಮಾ ಹಾಕಿದವಳು, ಒಮ್ಮೆ ಮುಖ ನೋಡಬಾರದೆ? ಬಿಚ್ಚಿದೆ.

ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಒಳಗೆ ಅಂಟು ಅಂಟಾದ ಎಂಥದೋ ಪೊರೆ. ಅದರ ಮೇಲೆ ಉಗುರಿನಷ್ಟು ದೊಡ್ಡ ಹೊಳೆಯುವ ತುಣುಕು ಕಚ್ಚಿ ಕುಳಿತಿತ್ತು. ಆ ಪೊರೆ ಇರುವುದೇ ಚಿಪ್ಪು ಅಲುಗಬಾರದೆಂದು. ನನಗೇನು ಗೊತ್ತು? ಯಾರೋ ಗೋಂದು ಚೆಲ್ಲಿದ್ದಾರೆ, ಸರ್ ಅವರ ಎಂಟು ತಿಂಗಳ ಕೂಸು ಹೊಲಸಾಗಿದೆ ಎಂದುಕೊಂಡೆ.

"ಮುಟ್ಟಬ್ಯಾಡ್ರಿ ಬಾಯಾರ," ಎಂದಳು ಗಂಗವ್ವ, ಪಾತ್ರೆ ತಿಕ್ಕುತ್ತಲೇ. "ಮಂದೀ ಸಾಮಾನು."

"ಗಂಗವ್ವಾ, ನಿನಗಿದು ತಿಳಿಯೂದಿಲ್ಲ. ಇದು ಸೈನ್ಸ್ ಅದ."

ಹುಬ್ಬಿನ ಚಿಮುಟದಿಂದ ಅದನ್ನು ಎತ್ತಿ, ಬೆಳ್ಳಿಯ ಬಟ್ಟಲಿನ ನೀರಲ್ಲಿ ಅದ್ದಿ ತೆಗೆದೆ. ಹಳೆಯ ಹಳದಿ ಸೀರೆಯ ಮೆತ್ತನೆಯ ತುಂಡಿನ ಮೇಲೆ ನೆರಳಲ್ಲಿ ಆರಲು ಇಟ್ಟು ಊಟಕ್ಕೆ ಕುಳಿತೆ. ಉಂಡೆದ್ದು ಡಬ್ಬಿಗೆ ಹಾಕಿ ಮುಚ್ಚಿದೆ. ಫಳಫಳ ಹೊಳೆಯುತ್ತಿತ್ತು. ಎರಡಕ್ಕೆ ಸರ್ ಬಂದು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಹೋದರು. ಅವತ್ತು ಟ್ರುಂಯ್ಯ್ ಕೇಳಲಿಲ್ಲ. ಅಷ್ಟು ಖುಷಿಯಲ್ಲಿದ್ದರು.

ಮರುದಿನ ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ ಸಂಜೆ ಬಂದವರು ಮೆಟ್ಟಿಲು ಹತ್ತದೆ ಕೆಳಗಿನ ಪಾವಟಿಗೆಯ ಮೇಲೆ ಕುಳಿತುಬಿಟ್ಟರು. "ಅಕ್ಕೋರ, ನನ್ನ ಲೆಕ್ಕ ತಪ್ಪೇತ್ರಿ. ಕಂಬಿ ಎಲ್ಲಾ ನೆಲಾ ಹಿಡದಾವು. ಭಾಳ ಮೆತ್ತಗ ಮಾಡೀನಿ ಕಾಣ್ತೈತಿ."

ಆಗ ಎರಡು ಗಾಜಿನ ತುಂಡು ನನ್ನ ಕಣ್ಣ ಮುಂದೆ ಬಂದವು. ಬಾಯಿ ತೆರೆದೆ.

"ಗಿರಮಿಟ್ ಮಾಡೇನಿ, ತಿಂತೀರೇನು?" ಎಂದೆ.

ಅಲ್ಲಿಂದ ಏಳು ತಿಂಗಳು ಅವರು ತಪ್ಪಿಲ್ಲದ ಲೆಕ್ಕದಲ್ಲಿ ತಪ್ಪು ಹುಡುಕಿದರು. ಮಧ್ಯಾಹ್ನದ ಬ್ಲೇಡು ಮತ್ತೆ ಶುರುವಾಯಿತು, ಮೊದಲಿಗಿಂತ ಹೆಚ್ಚು ಹೊತ್ತು. ಈಗ ನನಗೆ ನಿದ್ದೆ ಬರುತ್ತಿರಲಿಲ್ಲ, ಬೇರೆ ಕಾರಣಕ್ಕೆ. ಪ್ರತಿ ಟ್ರುಂಯ್ಯ್‌ಗೂ ರಿಟೈರ್‌ಮೆಂಟಿನ ದಿನ ಒಂದು ಬೆರಳು ಹತ್ತಿರ ಸರಿಯುತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಅವರು ಮರುದಿನವೇ ಹಳೆಯ ಡ್ರಾಯಿಂಗಿನದೇ ಇನ್ನೊಂದು ಚಿಪ್ಪಿಗೆ ಬರೆಯುತ್ತಿದ್ದರು.

ಹೇಳಲು ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಂದು ತಪ್ಪೊಪ್ಪಿಗೆಯ ಪತ್ರ ಬರೆದೆ, ಇಂಗ್ಲಿಷಿನಲ್ಲಿ, ಮೂರು ಪುಟ. ಬರೆದು ತಿದ್ದಿದೆ, ತಿದ್ದಿದ್ದನ್ನು ಫೇರ್ ಮಾಡಿದೆ. ಭಾಷೆ ಎಷ್ಟು ಚೆನ್ನಾಗಿ ಬಂತೆಂದರೆ ತಪ್ಪು ಯಾರದೆಂದೇ ಅದರಲ್ಲಿ ಕಾಣುತ್ತಿರಲಿಲ್ಲ. ಹರಿದು ಹಾಕಿದೆ. ಕಾನ್ವೆಂಟಿನಲ್ಲಿ ಶುಕ್ರವಾರ ಕ್ಯಾಥಲಿಕ್ ಹುಡುಗಿಯರು ಸಾಲಾಗಿ ಕನ್ಫೆಷನ್‌ಗೆ ಹೋಗುತ್ತಿದ್ದರು. ನಾವು ಉಳಿದವರು ಹೊರಗಿನ ಬೆಂಚಿನ ಮೇಲೆ. ಜಾಳಿಗೆಯ ಆಚೆ ಯಾರೋ ಕುಳಿತು ಕೇಳುತ್ತಾರಂತೆ, ಹೇಳಿ ಎದ್ದರೆ ಹಗುರಾಗುತ್ತದಂತೆ. ಎಷ್ಟು ಹೊಟ್ಟೆಕಿಚ್ಚುಪಟ್ಟಿದ್ದೆ! ಆಗ ನನ್ನ ಹತ್ತಿರ ಹೇಳುವಂಥ ಪಾಪ ಇರಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿಗೆ ಒಂದು ಒಳ್ಳೆಯ ಪಾಪ ಸಿಕ್ಕಿತು, ಜಾಳಿಗೆ ಇರಲಿಲ್ಲ.

ಏಳು ತಿಂಗಳಿಗೆ ಅವರಿಗೆ ದೊಡ್ಡ ಮೈಕ್ರೋಸ್ಕೋಪಿನ ಪಾಳಿ ಬಂತು. ಎಂಟು ದಿನದ ಮೇಲೆ ಐದನೆಯ ಅಧ್ಯಾಯ ತಂದುಕೊಟ್ಟು, ಅವತ್ತು ಚಹಾಕ್ಕೆ ನಿಲ್ಲದೆ ಮೇಲೆ ಹೋದರು. ಓದುತ್ತ ಹೋದೆ. ನಾಲ್ಕನೆಯ ಪುಟದಲ್ಲಿ ಒಂದು ಫೋಟೋ. ಕಂಬಿಗಳ ಮೇಲೆ ನೀರು ಆರಿದ ಬಿಳಿಯ ಉಂಗುರಗಳು. ಅಡ್ಡಲಾಗಿ, ಬಾವಿಯ ಹಗ್ಗದಷ್ಟು ದಪ್ಪ, ಒಂದು ಹತ್ತಿಯ ಎಳೆ. ಕೆಳಗಿನ ವಿವರಣೆಯಲ್ಲಿ ಅದರ ಬಣ್ಣವನ್ನೂ ಬರೆದಿದ್ದರು: ಹಳದಿ.

ಚಿಪ್ಪಿನ ಅಂಚಿಗೆ ಪರೀಕ್ಷೆಗೆಂದೇ ಗಿಡ್ಡದರಿಂದ ಉದ್ದದವರೆಗೆ ಒಂದು ಸಾಲು ಕಂಬಿಗಳಿದ್ದವು. ಗಿಡ್ಡವು ಬಿಗಿಯಾಗಿರುವುದರಿಂದ ಸೆಟೆದು ನಿಂತಿದ್ದವು, ಉದ್ದವು ಅಂಟಿದ್ದವು. ಎಷ್ಟು ಉದ್ದದಿಂದ ಮುಂದಿನವು ಅಂಟಿದವು ಎಂಬುದನ್ನು ನೋಡಿ ನೀರಿನ ಹಿಡಿತವನ್ನು ಲೆಕ್ಕ ಹಾಕಿದ್ದರು. ಕೆಟ್ಟ ಚಿಪ್ಪಿನಿಂದಲೂ ಒಂದು ಅಧ್ಯಾಯ ತೆಗೆದಿದ್ದರು. ಆದರೆ ಕೊನೆಗೆ ಹೀಗೆ ಬರೆದಿದ್ದರು: ಲೆಕ್ಕದ ಪ್ರಕಾರ ಅಂಟಬೇಕಾಗಿದ್ದ ಮೂರು ಕಂಬಿಗಳು ಅಂಟಿಲ್ಲ, ಕಾರಣ ತಿಳಿದಿಲ್ಲ. ಚಿಪ್ಪು ಪರೀಕ್ಷೆಗೆ ಮುಂಚೆ ಯಾರಿಂದಲೋ ನೀರಿಗೆ ಬಿದ್ದಿದೆ.

ಯಾರಿಂದಲೋ. ಅವರು ಸುಲಭವಾಗಿ ನನ್ನ ಹೆಸರು ಬರೆಯಬಹುದಿತ್ತು. ಅಂಚಿನಲ್ಲಿ ‘ನನ್ನಿಂದ’ ಎಂದು ನಾನೂ ಬರೆಯಬಹುದಿತ್ತು, ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ಕಾಮಾ ಹಾಕಿ ಪುಟ ತಿರುಗಿಸಿದೆ.

ಎರಡನೆಯ ಚಿಪ್ಪು ಬರುವ ಹೊತ್ತಿಗೆ ಮತ್ತೆ ಒಂದು ಮಳೆಗಾಲ ಕಳೆದಿತ್ತು. ಕೊರಿಯರ್‌ನವನ ಕೈಯಿಂದಲೇ ಮೇಜಿನ ಮೇಲೆ ಇಡಿಸಿ, ಮೇಲೆ ಪಾತೇಲಿ ಬೋರಲು ಹಾಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತೆ. "ಈಗ ತೊಳಿಯಂಗಿಲ್ಲೇನ್ರಿ ಬಾಯಾರ?" ಎಂದಳು ಗಂಗವ್ವ. ನಾನು ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡೆ.

ಆ ಚಿಪ್ಪು ಅಲುಗಿತು. ಪೇಟೆಯ ಗಿರಣಿಗೆ ಅದನ್ನು ಕಟ್ಟಿ, ಬೇರಿಂಗ್ ಕೆಟ್ಟಿದೆ ಎಂದು ಸರ್ ಹೇಳಿದಾಗ ಗಿರಣಿಯವನು ನಂಬಲಿಲ್ಲ. ಹನ್ನೆರಡನೆಯ ದಿನ ಗಿರಣಿ ನಿಂತಿತು. ಆದರೆ ಥೀಸಿಸ್ ಮುಗಿಯುವುದಕ್ಕೆ ಮುಂಚೆ ರಿಟೈರ್‌ಮೆಂಟ್ ಬಂತು. ಬೀಳ್ಕೊಡುಗೆಯ ದಿನ ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಮೈಕಿನಲ್ಲಿ ‘ಶ್ರೀಯುತ’ ಎಂದು ಕರೆದರು. ಅವರು ಎದ್ದು, ಹಾರ ಹಾಕಿಸಿಕೊಂಡು, ಎಲ್ಲರಿಗೂ ಕೈಮುಗಿದರು. ರೂಮಿನ ಬಾಗಿಲ ಬೋರ್ಡನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಆ ಎರಡು ಅಕ್ಷರಕ್ಕೆ ಬೇಕಾದಷ್ಟು ಜಾಗ ಹೆಸರಿನ ಮುಂದೆ ಖಾಲಿ ಇತ್ತು. ಮೊದಲೇ ಹಾಗೆ ಬರೆಸಿಟ್ಟಿದ್ದರಂತೆ.

ಮುಂದಿನ ತಿಂಗಳು ಅವರು ಮನೆ ಖಾಲಿ ಮಾಡಿದರು. ಬಾಗಿಲಲ್ಲಿ ಟೆಂಪೋ ನಿಂತಿತ್ತು, ಸಾಮಾನು ಹೇರಿ ಆಗಿತ್ತು. ನಾನು ಪಡಸಾಲೆಯ ಗ್ರಿಲ್ಲಿನ ಒಳಗೆ ಕುಳಿತಿದ್ದೆ. ಅವರು ಹೊರಗೆ ನಿಂತು ಕಂಬಿಗಳ ನಡುವಿನಿಂದ ಬೀಗದ ಕೈ ಕೊಟ್ಟರು.

"ಬರ್ತೇನ್ರಿ ಅಕ್ಕೋರ. ಥೀಸಿಸ್ ಸೋಮವಾರ ಪ್ರಿಂಟಿಗೆ ಕೊಡಾಂವ."

ಬೀಗದ ಕೈ ತಗೊಂಡೆ. ಇಂಗ್ಲಿಷಿನಲ್ಲಿ ಜೋಡಿಸಿಟ್ಟದ್ದೊಂದೂ ನೆನಪಾಗಲಿಲ್ಲ.

"ಸರ್, ಆ ಚಿಪ್ ತೊಳದಾಕಿ ನಾನು."

"ಗೊತ್ತೈತ್ರಿ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಇಂಗ್ಲಿಷ್‌ನ್ಯಾಗ ಸಾರಿ ಹೇಳ್ತಿದ್ರಿ. ಅದನ್ನ ತಿಳ್ಕೊಳ್ಳಾಕ ಮತ್ತ ನಿಮ್ಮ ಕಡೇನ ಬರಬೇಕಾಗ್ತಿತ್ತು." ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಗ್ರಿಲ್ಲಿಗೆ ಮುಖ ಹತ್ತಿರ ತಂದು, ದನಿ ತಗ್ಗಿಸಿ ಕೇಳಿದರು: "ಈಗ ಹೇಳ್ರಿ. ಯಾವ ನೀರು? ಬೋರಿಂದೋ, ನಳದ್ದೋ?"

"ನಳದ್ದು. ಕುದಿಸಿ ಆರಿಸಿದ್ದು."

ಒಂದು ಹಳೆಯ ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡರು. "ಒಣಗಿಸಿದ್ದು ಬಿಸಲಾಗೋ, ನೆಳ್ಳಾಗೋ?"

"ನೆಳ್ಳಾಗ."

"ಎಷ್ಟೊತ್ತು?"

"ನನ್ನ ಊಟ ಆಗೂ ತನಕ."

"ಬರೇ ನೀರ ಹೌದಲ್ರಿ? ಮತ್ತೇನೂ ಹಾಕಿಲ್ಲಲಾ?"

"ಛೇ, ಇಲ್ರೀ ಸರ್," ಎಂದೆ. ಅವರು ಪೆನ್ನನ್ನು ಇನ್ನೂ ಎತ್ತಿ ಹಿಡಿದೇ ಇದ್ದರು. ಟೆಂಪೋದವನು ಹಾರ್ನ್ ಹೊಡೆದ. "ಒಂದು ಹನಿ," ಎಂದೆ. "ಬೇಬಿ ಶ್ಯಾಂಪೂ. ನನ್ನ ಚಷ್ಮಾ ತೊಳಿಯೂ ಹಂಗ. ಎರಡನೇ ನೀರ ಹಾಕಲಿಲ್ಲ."

ಅವರು ಟಿಕೆಟ್ಟನ್ನು ಗ್ರಿಲ್ಲಿಗೆ ಒತ್ತಿ ಹಿಡಿದರು.

"ಸಾಬೂನು! ಅಕ್ಕೋರ, ಅದಕ್ಕರೀ! ಸಾಬೂನು ಬಿದ್ರ ನೀರಿನ ಜಗ್ಗೂ ಕಸುವು ಕಮ್ಮಿ ಆಕ್ಕೈತಿ. ಅದಕ್ಕ ಆ ಮೂರು ಕಂಬಿ ಅಂಟಿಲ್ಲ! ನನ್ನ ಲೆಕ್ಕ ಸರಿ ಇತ್ತು. ಒಂದ ವರ್ಷ ಆತ್ರಿ ಇದಕ್ಕ ತಲಿ ಕೆಡಿಸ್ಕೊಂಡು!" ಟಿಕೆಟ್ಟಿನ ಬೆನ್ನು ತುಂಬಿ, ಅಂಚಿಗೂ ಬರೆದರು. "ಸೋಮವಾರದೊಳಗ ಈ ಒಂದು ಮಾತು ಸೇರಸ್ತೀನಿ."

"ಕೊಟ್ಟು ಹೋಗ್ರಿ, ಇಂಗ್ಲಿಷ್ ತಿದ್ದಿ ಕೊಡ್ತೀನಿ."

"ಬ್ಯಾಡ್ರಿ. ಇದೊಂದ ನಾನ ಬರೀತೀನಿ. ನೀವು ತಿದ್ದಿದ್ರ ಶ್ಯಾಂಪೂ ಮಾಯ ಆಕ್ಕೈತಿ."

ಪುಸ್ತಕ ನಾಲ್ಕು ತಿಂಗಳ ಮೇಲೆ ಅಂಚೆಯಲ್ಲಿ ಬಂತು. ಪದವಿಯೂ ಬಂತು, ಬಾಗಿಲಿಲ್ಲದ ಮೇಲೆ. ವಾಕ್ಯ ಅಲ್ಲಿದೆ: ಕುದಿಸಿದ ನೀರು, ಒಂದು ಹನಿ ಶ್ಯಾಂಪೂ, ನೆರಳು, ಒಂದು ಊಟದಷ್ಟು ಹೊತ್ತು. ಯಾರು ಎಂಬುದು ಮಾತ್ರ ಇಲ್ಲ. ಅದಕ್ಕೇ ಇಲ್ಲಿ ಅವರ ಹೆಸರೂ ಇಲ್ಲ.

ಅವತ್ತು ಅವರು ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಟೆಂಪೋದ ಕಡೆ ನಡೆದರು. ಹತ್ತಲಿಲ್ಲ. ಹಿಂದಿನ ಗಾಲಿಯ ಹತ್ತಿರ ಬಗ್ಗಿ, ನೆಲದ ಮೇಲಿನ ಒಂದು ಕಲ್ಲು ತೆಗೆದುಕೊಂಡು, ಪಾಟಾಕ್ಕೆ ಒಂದು ಏಟು ಬಡಿದು ಕಿವಿಗೊಟ್ಟರು.

"ಮೂರನೇದು ಸೀಳೇತಿ," ಎಂದರು ಡ್ರೈವರನಿಗೆ. "ಸಾವಕಾಶ ಹೊಡಿ ತಮ್ಮಾ. ಒಳಗ ಗಾಜಿನ ಸಾಮಾನು ಐತಿ."